ಹಾಲಿನ ಡಿಗ್ರಿ

ಚಿಕ್ಕಪ್ಪನ ಮಗ ಕಳೆದ ತಿಂಗಳು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಎಂಜಿನಿಯರಿಂಗ್ ಮೂರನೆಯ ವರ್ಷ. ಕಾಲಿಗೆ ರಾಡ್ ಹಾಕಿದ್ದಾರೆ, ಮೂರು ತಿಂಗಳು ಕಾಲೇಜಿನ ಕಡೆ ತಲೆ ಹಾಕುವ ಹಾಗಿಲ್ಲ. ಮೊದಲ ವಾರ ನೋಡಲು ಬಂದವರ ಗಲಾಟೆಯಲ್ಲಿ, ಅವರು ತಂದ ಮೋಸಂಬಿಯಲ್ಲಿ ಕಳೆಯಿತು. ಎರಡನೆಯ ವಾರ ರಾತ್ರಿ ಹನ್ನೊಂದೂವರೆಗೆ ನನ್ನ ಮೊಬೈಲಿಗೆ ಒಂದು ಧ್ವನಿ ಸಂದೇಶ ಬಂತು: “ಅಕ್ಕಾ, ಕೊರೊನಾ ಕಾಲದಲ್ಲಿ ನೀನು ಅಷ್ಟು ತಿಂಗಳು ಮನೆಯಲ್ಲೇ ಕುಳಿತು ಹೇಗೆ ಓದಿದೆ? ನನಗೆ ಪುಸ್ತಕ ತೆಗೆದರೆ ಅಳು ಬರುತ್ತದೆ.”

ನಮ್ಮ ಕುಟುಂಬದಲ್ಲಿ ನನ್ನ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ನಾನು ಗುಡ್ಡದ ಮೇಲೆ ಕೊಡೆ ಹಿಡಿದು ಪಾಠ ಕೇಳಿ ಪ್ರಥಮ ದರ್ಜೆಯಲ್ಲಿ ಪಾಸಾದವಳು ಎಂಬುದು ಆ ಕಥೆ. ಮದುವೆಮನೆಗಳಲ್ಲಿ ಚಿಕ್ಕಮ್ಮ ಇದನ್ನು ಹೇಳುವಾಗ ಗುಡ್ಡ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದೆ. ಕೊಡೆ ಹಿಡಿದದ್ದು ನಿಜ, ಪ್ರಥಮ ದರ್ಜೆಯೂ ನಿಜ. ಮಧ್ಯದಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ನಾನು ಒಂದು ಪುಟವನ್ನೂ ಓದದೆ, ಸರಿಯಾಗಿ ಸ್ನಾನವನ್ನೂ ಮಾಡದೆ ಮಾಳಿಗೆಯ ಕೋಣೆಯಲ್ಲಿ ಬಿದ್ದುಕೊಂಡಿದ್ದೆ ಎನ್ನುವ ಭಾಗ ಮಾತ್ರ ಆ ಕಥೆಯಲ್ಲಿ ಇಲ್ಲ. ಅವನಿಗೆ ಉತ್ತರ ಬರೆಯಲು ಹೋಗಿ ಎರಡು ಸಲ ಅಳಿಸಿದೆ. ಆ ಭಾಗವನ್ನು ಬಿಟ್ಟು ಹೇಳಿದರೆ ಅವನಿಗೆ ಏನೂ ಹೇಳಿದಂತಾಗುವುದಿಲ್ಲ.

2020ರ ಮಾರ್ಚ್ 13, ಶುಕ್ರವಾರ. ಕೋವಿಡ್‌ನಿಂದ ದೇಶದ ಮೊದಲ ಸಾವು ಕಲಬುರಗಿಯಲ್ಲಿ ಆಗಿದೆ ಎಂಬುದು ಖಚಿತವಾಗಿ ಒಂದು ದಿನವಾಗಿತ್ತಷ್ಟೆ. ಮರುದಿನದಿಂದ ಒಂದು ವಾರ ಕಾಲೇಜು, ಚಿತ್ರಮಂದಿರ, ಮಾಲ್ ಎಲ್ಲವೂ ಬಂದ್ ಎಂದು ಸರ್ಕಾರ ಹೇಳಿತು. ಮೈಸೂರಿನ ನಮ್ಮ ಹಾಸ್ಟೆಲಿನಲ್ಲಿ ಅದು ಹಬ್ಬದ ರಜೆಯ ಹಾಗೆ ಕೇಳಿಸಿತು. ನಾನು ಬಿ.ಎಸ್ಸಿ. ನಾಲ್ಕನೆಯ ಸೆಮಿಸ್ಟರ್. ಎರಡು ಜೊತೆ ಬಟ್ಟೆ, ಬರೆದು ಮುಗಿಯದ ಒಂದು ಪ್ರಾಯೋಗಿಕ ದಾಖಲೆ ಪುಸ್ತಕ, ಇಷ್ಟನ್ನೇ ಚೀಲಕ್ಕೆ ತುರುಕಿದೆ. ಪಠ್ಯಪುಸ್ತಕಗಳು, ನೋಟ್ಸು, ಅಮ್ಮ ಕಟ್ಟಿಕೊಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಎಲ್ಲವೂ ಹಾಸ್ಟೆಲಿನ ಕಪಾಟಿನಲ್ಲಿ ಉಳಿದವು. ಒಂದು ವಾರಕ್ಕೆ ಅಷ್ಟೆಲ್ಲ ಯಾರು ಹೊರುತ್ತಾರೆ? ಆ ವಾರ ಮುಗಿದದ್ದು ನವೆಂಬರ್ 17ರಂದು, ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದಾಗ.

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿದೆ. ಬಸ್ಸಿಳಿದು ಎರಡು ಕಿಲೋಮೀಟರ್ ಒಳಗೆ ನಡೆಯಬೇಕು. ಎರಡು ಎಕರೆ ಅಡಿಕೆ ತೋಟ, ಅಪ್ಪಯ್ಯ, ಅಮ್ಮ, ಅಜ್ಜಿ, ಎಂಟನೆಯ ತರಗತಿಯ ತಮ್ಮ, ಎರಡು ಹಸು. ಮೊದಲ ಹದಿನೈದು ದಿನ ಸುಖವಾಗಿಯೇ ಇತ್ತು ಎಂದು ಒಪ್ಪಿಕೊಳ್ಳಬೇಕು. ಹಾಸ್ಟೆಲಿನ ಸಾರು ಉಂಡು ಸತ್ತಿದ್ದ ನಾಲಿಗೆಗೆ ಜೀವ ಬಂತು. ಹಲಸಿನ ಹಪ್ಪಳಕ್ಕೆ ಹಿಟ್ಟು ಕುಟ್ಟಿದೆವು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ 21 ದಿನಗಳ ಲಾಕ್‌ಡೌನ್ ಘೋಷಿಸಿದಾಗ, ಇಪ್ಪತ್ತೊಂದು ದಿನವಾದರೂ ಮನೆಯಲ್ಲಿರುತ್ತಾಳಲ್ಲ ಎಂದು ಅಜ್ಜಿ ಖುಷಿಪಟ್ಟಳು.

ಏಪ್ರಿಲ್ ಮೊದಲ ವಾರ ನಾನು ವೇಳಾಪಟ್ಟಿ ಬರೆದೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಡ್ರಾಯಿಂಗ್ ಹಾಳೆ, ತಮ್ಮನ ಸ್ಕೆಚ್ ಪೆನ್ನು, ವಿಷಯಕ್ಕೊಂದು ಬಣ್ಣ. ಬೆಳಗ್ಗೆ ಐದಕ್ಕೆ ಏಳುವುದು, ಐದೂಕಾಲಿಗೆ ಯೋಗ, ಆರಕ್ಕೆ ಗಣಿತ. ಊಟಕ್ಕೆ ಇಪ್ಪತ್ತು ನಿಮಿಷ. ಪುಸ್ತಕಗಳೇ ಇಲ್ಲದ ಮನೆಯಲ್ಲಿ ದಿನಕ್ಕೆ ಹನ್ನೊಂದು ಗಂಟೆಗಳ ಓದು! ಅದು ಮೂರು ದಿನ ನಡೆಯಿತು. ನಾಲ್ಕನೆಯ ದಿನ ಎದ್ದಾಗ ಏಳೂವರೆ. ಪಟ್ಟಿಯ ಪ್ರಕಾರ ಆಗಲೇ ಎರಡು ಬಣ್ಣ ದಾಟಿಹೋಗಿತ್ತು. ತಪ್ಪಿದ ಗಂಟೆಗಳನ್ನು ರಾತ್ರಿ ತುಂಬುತ್ತೇನೆ ಎಂದುಕೊಂಡೆ. ರಾತ್ರಿ ತುಂಬಿದ್ದು ಮೊಬೈಲು.

ಅದೇ ವಾರ ನಮ್ಮ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಅಧ್ಯಾಪಕರೊಬ್ಬರು ಒಂದು ಸಂದೇಶ ಕಳಿಸಿದರು. 1665ರಲ್ಲಿ ಪ್ಲೇಗ್ ಬಂದು ಕೇಂಬ್ರಿಡ್ಜ್ ಮುಚ್ಚಿದಾಗ ನ್ಯೂಟನ್ ಹಳ್ಳಿಯ ಮನೆಯಲ್ಲಿ ಕುಳಿತು ಕಲನಶಾಸ್ತ್ರವನ್ನೂ ಗುರುತ್ವದ ನಿಯಮವನ್ನೂ ಕಂಡುಹಿಡಿದ, ನೀವು ಏನು ಮಾಡುತ್ತಿದ್ದೀರಿ ಎಂದು. ಆಗ ಅದನ್ನು ಓದಿ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಈಗ ಆ ಸಂದೇಶದ ಮೇಲೆ ನನಗೆ ಸಿಟ್ಟಿದೆ. ನ್ಯೂಟನ್ ಆ ಗಣಿತದಲ್ಲಿ ಮುಳುಗಿದ್ದು ಮನೆಗೆ ಹೋಗುವ ಮೊದಲೇ, ಕೇಂಬ್ರಿಡ್ಜಿನಲ್ಲಿದ್ದಾಗಲೇ. ಗುರುತ್ವದ ನಿಯಮ ಪುಸ್ತಕವಾಗಿ ಹೊರಬಂದದ್ದು 1687ರಲ್ಲಿ. ಆತನಿಗೆ ಆಗಲೇ ಪದವಿ ಸಿಕ್ಕಿತ್ತು, ಹಾಜರಾತಿ ಇರಲಿಲ್ಲ. ಮನೆಯಲ್ಲಿ ಬೇರೆ ಕೈಗಳಿದ್ದವು. “ಐಸಾಕ, ಒಲೆಯ ಮೇಲೆ ಹಾಲಿದೆ, ನೋಡಿಕೊ” ಎಂದು ಆತನ ತಾಯಿ ಕೂಗಿರಲಾರಳು.

ನನ್ನ ತಾಯಿ ಕೂಗುತ್ತಿದ್ದಳು. ಅದರಲ್ಲಿ ಅವಳ ತಪ್ಪಿಲ್ಲ. ಹಾಸ್ಟೆಲಿನಿಂದ ಬಂದ ಮಗಳು ಮನೆಗೆ ನೆಂಟಳು. ಹದಿನೈದು ದಿನ ಕಳೆದರೆ ಅವಳು ಮನೆಯವಳು. ಮನೆಯವಳು ಮೊಬೈಲು ಹಿಡಿದು ಕುಳಿತಿದ್ದರೆ ನೋಡುವ ಕಣ್ಣಿಗೆ ಅವಳಿಗೆ ಕೆಲಸವಿಲ್ಲ. “ಮನೆಯಲ್ಲೇ ಇದ್ದೀಯಲ್ಲ” ಎಂಬ ಮಾತು ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ! ಮನೆಯಲ್ಲೇ ಇದ್ದೀಯಲ್ಲ, ಮಜ್ಜಿಗೆ ಕಡೆ. ಮನೆಯಲ್ಲೇ ಇದ್ದೀಯಲ್ಲ, ಅಜ್ಜಿಗೆ ಬಿಸಿನೀರು ಕೊಡು. ತಮ್ಮನೂ ಮನೆಯಲ್ಲೇ ಇದ್ದ. ಅವನಿಗೆ ಆ ವಾಕ್ಯ ಅಷ್ಟಾಗಿ ಅನ್ವಯಿಸುತ್ತಿರಲಿಲ್ಲ. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಎಂದರೆ ಕೇವಲ ಕಾಲೇಜಿಗೆ ಹತ್ತಿರದ ಕೋಣೆಯಲ್ಲ, ಯಾರೂ ಕೂಗದ ಎರಡು ಗಂಟೆ ಎಂಬುದು ನನಗೆ ಆ ಬೇಸಿಗೆಯಲ್ಲಿ ತಿಳಿಯಿತು.

ಆನ್‌ಲೈನ್ ತರಗತಿಗಳು ಶುರುವಾದವು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮನೆಯ ಹಿಂದಿನ ಗುಡ್ಡದಲ್ಲಿ, ಒಂದು ನೇರಳೆ ಮರದ ಬುಡದಲ್ಲಿ, ಮೊಬೈಲನ್ನು ಒಂದು ನಿರ್ದಿಷ್ಟ ಕೊಂಬೆಗೆ ಒರಗಿಸಿದರೆ ಎರಡು ಕಡ್ಡಿ ಬರುತ್ತಿತ್ತು. ಅಲ್ಲಿಗೆ ಹೋಗಲು ಇನ್ನೊಂದು ತೊಡಕಿತ್ತು. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ನಮ್ಮ ಜಿಲ್ಲೆಯದೇ ಸ್ವಂತ ಆಸ್ತಿ. ಉಣುಗು ಕಚ್ಚಿ ಬರುವ ಜ್ವರ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಹಾಗಾಗಿ ಗುಡ್ಡ ಹತ್ತುವ ಮೊದಲು ಅಮ್ಮ ನನ್ನ ಕೈಕಾಲಿಗೆ ಆರೋಗ್ಯ ಇಲಾಖೆಯವರು ಹಂಚಿದ ಡಿಎಂಪಿ ಎಣ್ಣೆ ಹಚ್ಚುತ್ತಿದ್ದಳು. ಒಂದು ರೋಗಕ್ಕೆ ಹೆದರಿ ಊರಿಗೆ ಬಂದು, ಇನ್ನೊಂದು ರೋಗದ ಕಾಡಿನಲ್ಲಿ ಕುಳಿತು ಥರ್ಮೋಡೈನಾಮಿಕ್ಸ್ ಕೇಳುವುದು! ಕೇಳುವುದು ಎನ್ನುವುದೂ ದೊಡ್ಡ ಮಾತು. ಮೇಷ್ಟ್ರ ಧ್ವನಿ ಸಮೀಕರಣದ ಎಡಬದಿಯಲ್ಲಿ ಕಡಿದು ಬಲಬದಿ ಮುಗಿದ ಮೇಲೆ ಕೂಡಿಕೊಳ್ಳುತ್ತಿತ್ತು. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತಿತ್ತು. ಏಪ್ರಿಲ್ ಕೊನೆಗೆ ನಾನು ಗುಡ್ಡ ಹತ್ತುವುದನ್ನು ಬಿಟ್ಟೆ. ಮನೆಯವರಿಗೆ, ಉಣುಗು ಜಾಸ್ತಿಯಾಗಿದೆ ಎಂದೆ.

ಆಮೇಲಿನ ದಿನಗಳು ಒಂದರೊಳಗೊಂದು ಕಲಸಿಹೋಗಿವೆ. ರಾತ್ರಿ ಮೂರರವರೆಗೆ ಎಚ್ಚರ. ನೋಡಲು ಏನೂ ಇರುತ್ತಿರಲಿಲ್ಲ, ಮೊದಲೇ ಇಳಿಸಿಕೊಂಡಿದ್ದ ಹಳೆಯ ವಿಡಿಯೊಗಳನ್ನೇ ಮತ್ತೆ ನೋಡುತ್ತಿದ್ದೆ. ಏಳುವುದು ಹತ್ತಕ್ಕೆ. ತಿಂಡಿ ತಣ್ಣಗೆ. ಅಪ್ಪಯ್ಯ ಏನೂ ಹೇಳುತ್ತಿರಲಿಲ್ಲ, ಅದು ಬೈಗುಳಕ್ಕಿಂತ ಭಾರವಾಗಿತ್ತು. ನನಗೆ ನಾನೇ ಇಟ್ಟುಕೊಂಡ ಹೆಸರು ಸೋಮಾರಿ. ನಾಳೆ ಬೆಳಗ್ಗೆ ಹುರುಪು ಬರುತ್ತದೆ, ಬಂದ ಕೂಡಲೇ ಶುರುಮಾಡುತ್ತೇನೆ ಎಂದುಕೊಂಡು ಮಲಗುವುದು. ಅದು ಬರುತ್ತಿರಲಿಲ್ಲ. ಮೇ ತಿಂಗಳ ಮಧ್ಯದಲ್ಲಿ ಎರಡು ವಾರ ನನಗೆ ಊಟವೂ ಸೇರಲಿಲ್ಲ. ಅಜ್ಜಿ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ ಎಂದು ಅವಳ ಲೆಕ್ಕ. ಮನೆಯವರೆಲ್ಲ ಕೆಮ್ಮಿದರು. ವಿಜ್ಞಾನದ ವಿದ್ಯಾರ್ಥಿನಿಯಾಗಿ ನಾನು ನಗಬೇಕಿತ್ತು. ಆದರೆ ಆ ಒಂದು ತಿಂಗಳಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ತಲೆಯಿಂದ ಪಾದದವರೆಗೆ ನಿಧಾನವಾಗಿ ನೋಡಿದವಳು ಅವಳೊಬ್ಬಳೇ.

ಜೂನ್ ಮೊದಲ ವಾರ ಮುಂಗಾರಿಗೆ ಮುಂಚೆ ತೋಟಕ್ಕೆ ಔಷಧಿ ಹೊಡೆಯಬೇಕು. ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಯ ಅಡಿಕೆಯೆಲ್ಲ ನೆಲಕ್ಕೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದಕ್ಕೆ ಬೋರ್ಡೋ ಮಿಶ್ರಣ ಎಂದು ಹೆಸರು. ಬೆಳಗಾಗುವ ಮೊದಲೇ ಅಪ್ಪಯ್ಯನೂ, ಮನೆಯಲ್ಲಿ ಕೆಲಸಕ್ಕಿದ್ದವರೂ ತೋಟಕ್ಕೆ ಇಳಿದುಬಿಡುತ್ತಿದ್ದರು. ಹಾಲನ್ನು ಡೇರಿಗೆ ಒಯ್ಯಲು ಯಾರೂ ಇಲ್ಲ. ಲಾಕ್‌ಡೌನಿನಲ್ಲೂ ಡೇರಿ ಒಂದು ದಿನ ನಿಂತಿರಲಿಲ್ಲ. ಹಸುವಿನ ಕೆಚ್ಚಲಿಗೆ ಕರ್ಫ್ಯೂ ಇಲ್ಲವಲ್ಲ. ಅಮ್ಮ ಆ ದಿನ “ಮನೆಯಲ್ಲೇ ಇದ್ದೀಯಲ್ಲ” ಎನ್ನಲಿಲ್ಲ. “ಆರೂಕಾಲಿಗೆ ಹೊರಡದಿದ್ದರೆ ಹಾಲು ಒಡೆಯುತ್ತದೆ” ಎಂದು ಕ್ಯಾನನ್ನು ಜಗಲಿಯಲ್ಲಿಟ್ಟು ಒಳಗೆ ಹೋದಳು.

ಡೇರಿ ಒಂದೂವರೆ ಕಿಲೋಮೀಟರ್ ದೂರ. ಹೋದೆ, ನಿದ್ದೆಗಣ್ಣಿನಲ್ಲಿ. ಅಂಗಳದಲ್ಲಿ ಸುಣ್ಣದಿಂದ ವೃತ್ತಗಳನ್ನು ಬರೆದಿದ್ದರು, ವೃತ್ತಕ್ಕೊಬ್ಬರು. ನನ್ನ ಸರದಿ ಬಂದಾಗ ಕಾರ್ಯದರ್ಶಿಗಳು ಹಾಲಿನ ಮಾದರಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿದರು. ಹಾಲಿಗೆ ನೀರು ಸೇರಿದ್ದರೆ ಅದು ಹೆಚ್ಚು ಮುಳುಗುತ್ತದೆ. ಅದರ ಮೇಲಿನ ಅಂಕೆಗೆ ನಮ್ಮ ಕಡೆ ಡಿಗ್ರಿ ಎನ್ನುತ್ತಾರೆ. “ಹಾಲಿಗೆ ಇಪ್ಪತ್ತೆಂಟು ಡಿಗ್ರಿ ಬಂತು. ನಿನ್ನ ಡಿಗ್ರಿ ಯಾವಾಗ ಬರುವುದು ಮಾರಾಯ್ತಿ?” ಎಂದರು. ಸಾಲಿನಲ್ಲಿದ್ದ ಎಂಟು ಜನರೂ ಮಾಸ್ಕಿನೊಳಗೆ ನಕ್ಕರು. ನಾನೂ ನಕ್ಕೆ. ಆ ಧ್ವನಿ ನನ್ನದೇ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಆಗಲೇ ಜೇಬಿನಲ್ಲಿದ್ದ ಮೊಬೈಲು ಒಂದೇ ಸಮನೆ ಟಿಣ್ ಟಿಣ್ ಎಂದಿತು. ಡೇರಿಯ ಜಗಲಿಯಲ್ಲಿ ನೆಟ್‌ವರ್ಕ್ ಇತ್ತು!

ಆಮೇಲೆ ಆದದ್ದು ನನ್ನ ಸಂಕಲ್ಪದಿಂದ ಆದದ್ದಲ್ಲ. ಔಷಧಿ ಹೊಡೆದು ಮುಗಿದರೂ ಹಾಲಿನ ಕೆಲಸ ನನಗೇ ಅಂಟಿಕೊಂಡಿತು. ಆರೂಕಾಲಿಗೆ ಹೊರಡುವುದು, ಹಾಲು ಹಾಕುವುದು, ಜಗಲಿಯ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತು ಹಿಂದಿನ ದಿನದ ಪಾಠದ ಧ್ವನಿಮುದ್ರಣವನ್ನೂ ಪಿಡಿಎಫ್‌ಗಳನ್ನೂ ಇಳಿಸಿಕೊಳ್ಳುವುದು. ಕ್ಯಾನು ಖಾಲಿ, ಮೊಬೈಲು ಭರ್ತಿ. ಆರಕ್ಕೆ ಏಳಬೇಕಾದ್ದರಿಂದ ರಾತ್ರಿ ಹತ್ತೂವರೆಗೆ ಕಣ್ಣು ತಾನಾಗಿ ಮುಚ್ಚತೊಡಗಿತು. ಇದಕ್ಕೆ ಒಂದು ಕಾರಣವಿದೆ, ನಾನು ಆಮೇಲೆ ಓದಿ ತಿಳಿದದ್ದು. ನಮ್ಮ ಮೈಯೊಳಗಿನ ಗಡಿಯಾರ ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ನಿಧಾನ. ದಿನವೂ ಬೆಳಗಿನ ಬೆಳಕು ಕಣ್ಣಿಗೆ ಬಿದ್ದು ಅದನ್ನು ತಿದ್ದಿ ಇಡುತ್ತದೆ. ಕಿಟಕಿ ಮುಚ್ಚಿದ ಮಾಳಿಗೆಯಲ್ಲಿ ಹತ್ತರವರೆಗೆ ಮಲಗಿ, ರಾತ್ರಿ ಮೊಬೈಲಿನ ಬೆಳಕು ಕುಡಿದರೆ ಅದು ದಿನವೂ ಇಷ್ಟಿಷ್ಟೇ ಹಿಂದೆ ಸರಿಯುತ್ತದೆ. ಮೋಡ ಕವಿದ ಮಲೆನಾಡಿನ ಬೆಳಗು ಕೂಡ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಪ್ರಖರ. ಖಿನ್ನತೆಗೆ ಚಿಕಿತ್ಸೆ ಕೊಡುವವರು ಬಳಸುವ ಒಂದು ವಿಧಾನವೂ ಇಂಥದೇ: ಮನಸ್ಸು ಸರಿಹೋಗಲಿ ಎಂದು ಕಾಯದೆ, ಸಣ್ಣದೊಂದು ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿಸುವುದು. ಮನಸ್ಸು ಹಿಂದಿನಿಂದ ಬರುತ್ತದೆ. ನಾನು ಅಷ್ಟೂ ದಿನ ಹುರುಪಿಗಾಗಿ ಕಾಯುತ್ತಿದ್ದೆ. ಹಸುವಿಗೆ ನನ್ನ ಹುರುಪಿನ ಗೊಡವೆಯೇ ಇರಲಿಲ್ಲ.

ವೇಳಾಪಟ್ಟಿಗೂ ಹಾಲಿಗೂ ಇದ್ದ ವ್ಯತ್ಯಾಸವನ್ನು ನಾನು ಬಹಳ ಯೋಚಿಸಿದ್ದೇನೆ. ಪಟ್ಟಿಯನ್ನು ಬರೆದವಳೂ ನಾನೇ, ಮುರಿದವಳೂ ನಾನೇ, ಕ್ಷಮಿಸಿದವಳೂ ನಾನೇ. ಹಾಲು ಮಾತ್ರ ಒಡೆಯುತ್ತದೆ. ಸುಣ್ಣದ ವೃತ್ತದಲ್ಲಿ ನಾನು ಕಾಣದಿದ್ದರೆ ಕಾರ್ಯದರ್ಶಿಗಳು ಸಂಜೆ ಅಪ್ಪಯ್ಯನನ್ನು ಕೇಳುತ್ತಾರೆ. ಕಾಲೇಜು ಎಂಬುದು ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಪಾಠಕ್ಕಿಂತ ಮುಂಚೆ ಅದು ನಮಗೆ ಹೋಗಲು ಒಂದು ಜಾಗ, ತಪ್ಪಿಸಿಕೊಂಡರೆ ಕೇಳುವ ಇಬ್ಬರು ಗೆಳತಿಯರು, ಎಂಟೂವರೆಯ ಬಸ್ಸು, ಇವನ್ನೆಲ್ಲ ಕೊಟ್ಟಿರುತ್ತದೆ. ಮನೆಯಲ್ಲಿ ಕುಳಿತವರ ಕೈಯಿಂದ ಮೊದಲು ಜಾರುವುದು ಪಾಠವಲ್ಲ, ಆ ಬಸ್ಸು.

ಹಾಲಿನಷ್ಟೇ ನನ್ನನ್ನು ಎತ್ತಿ ನಿಲ್ಲಿಸಿದ್ದು ನಮ್ಮ ಮನೆಯ ಸ್ಥಿರ ದೂರವಾಣಿ. ಮೊಬೈಲು ಸತ್ತರೂ ಅದಕ್ಕೆ ಜೀವವಿರುತ್ತಿತ್ತು. ನನ್ನ ಹಾಸ್ಟೆಲ್ ಕೋಣೆಯ ಗೆಳತಿ ಸಿಂಧನೂರಿನ ಹತ್ತಿರದವಳು. ಎರಡು ಕೋಣೆಯ ಮನೆ, ಏಳು ಜನ. ಅವಳಿಗೆ ನೆಟ್‌ವರ್ಕ್ ಇತ್ತು, ಕೂರಲು ಜಾಗವಿರಲಿಲ್ಲ. ನನಗೆ ಜಾಗವಿತ್ತು, ನೆಟ್‌ವರ್ಕ್ ಇರಲಿಲ್ಲ. ರಾತ್ರಿ ಎಂಟೂವರೆಗೆ ಅವಳು ಮಹಡಿ ಹತ್ತಿ ಕರೆ ಮಾಡುತ್ತಿದ್ದಳು. ಮೊದಮೊದಲು ಬರೀ ಗೋಳು. ಜೂನ್ ಕೊನೆಗೆ ಒಂದು ರೂಢಿ ಹುಟ್ಟಿತು. ಇಬ್ಬರೂ ಒಂದೇ ಅಧ್ಯಾಯದ ಲೆಕ್ಕಗಳನ್ನು ತೆಗೆದುಕೊಂಡು, ಫೋನನ್ನು ಪಕ್ಕದಲ್ಲಿಟ್ಟು, ಮಾತಿಲ್ಲದೆ ಬಿಡಿಸುವುದು. ಗಂಟೆಗಟ್ಟಲೆ ಆ ಕಡೆಯಿಂದ ಅವರ ಊರಿನ ನಾಯಿಗಳು, ಈ ಕಡೆಯಿಂದ ನಮ್ಮ ಹೆಂಚಿನ ಮೇಲಿನ ಮಳೆ. ನಡುನಡುವೆ “ನಾಲ್ಕನೆಯದಕ್ಕೆ ಎಷ್ಟು ಬಂತು?” ಎಂಬ ಒಂದು ಪ್ರಶ್ನೆ. ಮಳೆಯೇ ಕಾಣದ ಊರಿನ ಅವಳಿಗೆ ಆ ಸದ್ದು ಕೇಳಲು ಇಷ್ಟ. ರಿಸೀವರನ್ನು ಕಿಟಕಿಯ ಹತ್ತಿರ ಇಡು ಎನ್ನುತ್ತಿದ್ದಳು.

ಅಮ್ಮನ ಜೊತೆಗಿನ ಒಪ್ಪಂದ ಮಾತ್ರ ಜಗಳದಲ್ಲೇ ಆಯಿತು. ಒಂದು ಸಂಜೆ ಇಬ್ಬರೂ ಕೂಗಾಡಿ, ಇಬ್ಬರೂ ಅತ್ತು, ಕೊನೆಗೆ ತೀರ್ಮಾನವಾದದ್ದು ಇಷ್ಟು: ಬೆಳಗಿನ ಹಾಲು, ಸಂಜೆಯ ಅಡುಗೆ ನನ್ನದು. ಹತ್ತರಿಂದ ಒಂದರವರೆಗೆ ನಾನು ಮನೆಯಲ್ಲಿಲ್ಲ. ಮಾಳಿಗೆಯಲ್ಲೇ ಇದ್ದರೂ ಇಲ್ಲ. ಮಜ್ಜಿಗೆ ಕಡೆಯುವುದು ತಮ್ಮನ ಪಾಲಿಗೆ ಹೋಯಿತು. ಅವನು ಈಗಲೂ ಅದನ್ನು ಅನ್ಯಾಯವೆಂದೇ ಹೇಳುತ್ತಾನೆ.

ಜುಲೈ 10ರಂದು, ಅಂತಿಮ ವರ್ಷದವರನ್ನು ಬಿಟ್ಟು ಉಳಿದವರಿಗೆ ಪರೀಕ್ಷೆಯಿಲ್ಲ, ಮುಂದಿನ ತರಗತಿಗೆ ತೇರ್ಗಡೆ ಎಂದು ಸರ್ಕಾರ ಪ್ರಕಟಿಸಿತು. ಗುಂಪಿನಲ್ಲಿ ಪಟಾಕಿಯ ಚಿತ್ರಗಳು ಹಾರಿದವು. ನನಗೆ ವಿಚಿತ್ರವಾದ ಸಂಕಟವಾಯಿತು. ಐದು ವಾರ ಕಷ್ಟಪಟ್ಟು ಹತ್ತಿದ ಮೆಟ್ಟಿಲನ್ನು ಯಾರೋ ಹಿಂದಿನಿಂದ ಎಳೆದುಕೊಂಡ ಹಾಗೆ. ಆ ರಾತ್ರಿ ಎಂಟೂವರೆಗೆ ಫೋನು ಬಂತು. “ಇನ್ನು ಓದುವುದು ಯಾಕೆ?” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದಬೇಡ. ಫೋನು ಇಡಬೇಡ ಅಷ್ಟೆ” ಎಂದಳು. ಆ ದಿನ ಲೆಕ್ಕ ಬಿಡಿಸಲಿಲ್ಲ. ಮರುದಿನ ಬಿಡಿಸಿದೆವು.

ನವೆಂಬರಿನಲ್ಲಿ ಹಾಸ್ಟೆಲಿನ ಕಪಾಟು ತೆಗೆದಾಗ ನೋಟ್ಸಿನ ಅರ್ಧವನ್ನು ಗೆದ್ದಲು ತಿಂದಿತ್ತು. ಅಪ್ಪೆಮಿಡಿ ಮಾತ್ರ ಎಂಟು ತಿಂಗಳಲ್ಲಿ ಇನ್ನೂ ಚೆನ್ನಾಗಿ ಮಾಗಿ ಕುಳಿತಿತ್ತು.

2021ರ ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಕರ್ಫ್ಯೂ ಎಂದಾಗ ನಾನು ಮೊದಲು ಚೀಲಕ್ಕೆ ಹಾಕಿದ್ದು ಪುಸ್ತಕಗಳನ್ನು. ಎರಡನೆಯ ಅಲೆ ಬೇರೆಯೇ ತರಹದ್ದು. ಮೊದಲ ಸಲ ರೋಗ ಟಿವಿಯಲ್ಲಿತ್ತು, ಈ ಸಲ ಪಕ್ಕದ ಮನೆಗಳಲ್ಲಿತ್ತು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತ ಸುದ್ದಿ ಬಂದ ದಿನ, ಆ ಊರಿನ ಸಹಪಾಠಿಗೆ ಏನೆಂದು ಕರೆ ಮಾಡಬೇಕೋ ತಿಳಿಯದೆ ಅರ್ಧ ದಿನ ಫೋನು ಹಿಡಿದು ಕುಳಿತಿದ್ದೆ. ಅಂಥ ದಿನಗಳಲ್ಲಿ ಓದು ಸಾಗದಿರುವುದು ಸೋಮಾರಿತನವಲ್ಲ ಎನ್ನುವಷ್ಟು ಬುದ್ಧಿ ಆಗ ಬಂದಿತ್ತು. ರಾತ್ರಿ ಏಳರ ನಂತರ ಟಿವಿ ಹಾಕಬಾರದು ಎಂದು ಅಪ್ಪಯ್ಯನೇ ನಿಯಮ ಮಾಡಿದರು. ಬೆಳಗ್ಗೆ ಆರೂಕಾಲಿಗೆ ಕ್ಯಾನು ಜಗಲಿಯಲ್ಲಿರುತ್ತಿತ್ತು. ಮಳೆ ಹಿಡಿದ ಮೇಲೆ ಸುಳ್ಯದ ಕಡೆ ಒಬ್ಬ ಅಪ್ಪ ರಸ್ತೆ ಬದಿಯಲ್ಲಿ ಪಾಠ ಕೇಳುವ ಮಗಳಿಗೆ ಕೊಡೆ ಹಿಡಿದು ನಿಂತ ಚಿತ್ರ ಎಲ್ಲ ಕಡೆ ಓಡಾಡಿತು. ಜನ ಅದನ್ನು ಸ್ಫೂರ್ತಿದಾಯಕ ಎಂದರು. ನನಗೆ ಕಂಡದ್ದು ಒಂದು ಟವರ್ ಇಲ್ಲದ ಊರು. ಚಿಕ್ಕಮ್ಮನ ಕಥೆಯ ಕೊಡೆಯೂ ಬಹುಶಃ ಆ ಚಿತ್ರದಿಂದಲೇ ಸ್ವಲ್ಪ ದೊಡ್ಡದಾಗಿದೆ.

ಇಷ್ಟನ್ನೂ ತಮ್ಮನಂಥ ಆ ಹುಡುಗನಿಗೆ ಒಂದು ಭಾನುವಾರ ಎದುರಿಗೇ ಕುಳಿತು ಹೇಳಿದೆ. ಪುಸ್ತಕ ತೆಗೆದರೆ ಅಳು ಬರುತ್ತದೆ ಎಂದಿದ್ದನಲ್ಲ, ಅದನ್ನು ಮೊದಲು ಕೇಳಿದೆ. ಎಷ್ಟು ದಿನದಿಂದ? ನಿದ್ದೆ? ಊಟ? ಎರಡು ವಾರ ದಾಟಿಯೂ ಯಾವುದರಲ್ಲೂ ರುಚಿಯಿಲ್ಲ, ನಿದ್ದೆ ಊಟ ಎರಡೂ ಕೆಟ್ಟಿವೆ, ಬದುಕೇ ಬೇಡವೆನಿಸುತ್ತಿದೆ ಎಂದಾದರೆ ಅದಕ್ಕೆ ಹಾಲಿನ ಕ್ಯಾನು ಸಾಲದು, ಡಾಕ್ಟರೇ ಬೇಕು. ನನ್ನ ಆ ಮೇ ತಿಂಗಳಿಗೂ ಬೇಕಿತ್ತೇನೋ. ಈಗ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಸಂಖ್ಯೆಯನ್ನು ಅವನ ಮೊಬೈಲಿನಲ್ಲಿ ನಾನೇ ಉಳಿಸಿ ಕೊಟ್ಟೆ. ಅವನು, ಅಷ್ಟೆಲ್ಲ ಇಲ್ಲ ಅಕ್ಕಾ, ರಾತ್ರಿ ಎರಡರವರೆಗೆ ಎಚ್ಚರ, ಬೆಳಗ್ಗೆ ಹನ್ನೊಂದಕ್ಕೆ ಏಳುವುದು, ಅಷ್ಟೇ ಎಂದ. ನನ್ನದೇ ಕಥೆ.

“ಆದರೆ ನಮ್ಮ ಮನೆಯಲ್ಲಿ ಹಸು ಇಲ್ಲವಲ್ಲ” ಎಂದ, ಸ್ವಲ್ಪ ಗೆದ್ದವನ ಹಾಗೆ.

ಊರಿನ ಬಡಾವಣೆಯ ಮೊದಲ ಮಹಡಿಯ ಬಾಡಿಗೆ ಮನೆ, ಕಾಲಿನಲ್ಲಿ ರಾಡ್. ಅವನಿಗೆ ಏನು ಹೇಳಲಿ ಎಂದು ನಾನು ಯೋಚಿಸುತ್ತಿರುವಾಗ ಚಿಕ್ಕಮ್ಮ ಒಳಗಿನಿಂದ ಗೊಣಗುತ್ತ ಬಂದರು. ದಿನ ಬಿಟ್ಟು ದಿನ ಬೆಳಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ. ಸಂಪು ತುಂಬಿದ ಕೂಡಲೇ ಮೋಟರ್ ಹಾಕಬೇಕು, ಟ್ಯಾಂಕು ತುಂಬಿದ ಕೂಡಲೇ ಆರಿಸಬೇಕು. ತಿಂಡಿ ಮಾಡುವವರು ಇದನ್ನೂ ಕಾಯುವುದೆಂದರೆ ಹೇಗೆ? ಸ್ವಿಚ್ಚು ಇರುವುದು ಬಾಲ್ಕನಿಯ ಗೋಡೆಯಲ್ಲಿ. ನಾನು ಅವನ ಮುಖ ನೋಡಿದೆ. ಅವನಿಗೆ ಅರ್ಥವಾಯಿತು, ಮುಖ ಹುಳಿ ಮಾಡಿಕೊಂಡ. ಬಾಲ್ಕನಿಗೆ ಒಂದು ಕುರ್ಚಿ, ಕಾಲಿಡಲು ಒಂದು ಮಣೆ, ಒಂದು ಪ್ಲಾಸ್ಟಿಕ್ ಮೇಜು ಹಾಕಿದೆವು. ನೀರು ಬಾರದ ದಿನಕ್ಕೆ ಪೇಪರಿನವನು ಕೆಳಗಿನಿಂದ ಎಸೆಯುವ ಪೇಪರನ್ನು ಹಿಡಿಯುವ ಕೆಲಸ. ಹೇಗೂ ಅಲ್ಲಿ ಕುಳಿತಿರುತ್ತಾನೆ, ಎದುರಿಗೆ ಪುಸ್ತಕವೊಂದು ಇರಲಿ ಎಂದೆ. ತೆಗೆದರೂ ಸರಿ, ತೆಗೆಯದಿದ್ದರೂ ಸರಿ.

ನಿನ್ನೆ ಚಿಕ್ಕಮ್ಮ ಫೋನು ಮಾಡಿದ್ದರು, ಸಿಟ್ಟಿನಲ್ಲಿ. ಟ್ಯಾಂಕು ತುಂಬಿ ಹತ್ತು ನಿಮಿಷ ನೀರು ರಸ್ತೆಗೆ ಹರಿದು, ಕೆಳಗಿನ ಮನೆಯ ಯಜಮಾನರು ಮೇಲೆ ಬಂದು ಕೂಗಾಡಿ ಹೋದರಂತೆ. ಇವನು ಸ್ವಿಚ್ಚಿನ ಪಕ್ಕದಲ್ಲೇ ಕುಳಿತಿದ್ದನಂತೆ, ಯಾವುದೋ ಲೆಕ್ಕದಲ್ಲಿ ತಲೆ ಹುಗಿದುಕೊಂಡು.